ಫೆರಿಟಿನ್ ಏರಿದರೆ ಕಬ್ಬಿಣ ಜಾಸ್ತಿ ಎಂದೇ?

ಪ್ರಶ್ನೆ: ವಯಸ್ಸು 46, ಪುರುಷ. ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಕಂಡಿದೆ. ಫೆರಿಟಿನ್ 520. ಕಬ್ಬಿಣ ಹೆಚ್ಚಾಗಿಯೇ ಲಿವರ್ ಕೆಟ್ಟಿತೇ? ರಕ್ತ ತೆಗೆಸಿದರೆ ಸರಿಹೋಗುತ್ತದೆಯೇ?

ಉತ್ತರ: ಈ ಒಂದು ಅಂಕಿ ನೋಡಿ ಹೆದರಬೇಡಿ. ಫೆರಿಟಿನ್ ಕಬ್ಬಿಣವನ್ನು ಕೂಡಿಡುವ ಪ್ರೋಟೀನು, ನಿಜ. ಆದರೆ ಉರಿಯೂತ, ಮದ್ಯ, ಸೋಂಕು, ಇವುಗಳಲ್ಲಿ ಯಾವುದಿದ್ದರೂ ಅದು ಏರುತ್ತದೆ. ಫ್ಯಾಟಿ ಲಿವರ್ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಫೆರಿಟಿನ್ ಹೆಚ್ಚಿರುತ್ತದೆ; ಅವರಲ್ಲಿ ಅನೇಕರ ಲಿವರ್‌ನಲ್ಲಿ ಹೆಚ್ಚುವರಿ ಕಬ್ಬಿಣವೇ ಇರುವುದಿಲ್ಲ.

ನಿಮಗೆ ಈಗ ಬೇಕಾದದ್ದು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್. ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಿನ ಎಷ್ಟು ಪಾಲು ಕಬ್ಬಿಣದಿಂದ ತುಂಬಿದೆ ಎಂಬ ಅಳತೆ ಅದು. ಸೀರಂ ಕಬ್ಬಿಣವನ್ನು (ರಕ್ತದಲ್ಲಿ ಈಗಿರುವ ಕಬ್ಬಿಣ) ಟಿಐಬಿಸಿಯಿಂದ (ರಕ್ತ ಒಟ್ಟು ಹೊರಬಲ್ಲ ಕಬ್ಬಿಣ) ಭಾಗಿಸಿ 100ರಿಂದ ಗುಣಿಸಿದರೆ ಅದು ಸಿಗುತ್ತದೆ: ಕಬ್ಬಿಣ 90, ಟಿಐಬಿಸಿ 300 ಇದ್ದರೆ ಶೇ 30. ಕಬ್ಬಿಣದ ಮಾತ್ರೆ ನುಂಗಿದ ದಿನ ಪರೀಕ್ಷೆ ಮಾಡಿಸಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಶೇ 45 ದಾಟಿದರೆ ಮತ್ತೊಮ್ಮೆ ಮಾಡಿಸಿ. ಆಗಲೂ ದಾಟಿದರೆ ದೇಹದಲ್ಲಿ ಕಬ್ಬಿಣ ಅತಿಯಾಗಿ ಕೂಡುವ ಹಿಮೊಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆಗೆ ಜೀನ್ ಪರೀಕ್ಷೆ ಬೇಕು. ಫೆರಿಟಿನ್ 1000 ಮೀರಿದರೆ ಸ್ಯಾಚುರೇಶನ್ ಎಷ್ಟೇ ಇರಲಿ, ಲಿವರ್ ತಜ್ಞರನ್ನು ಕಾಣಲೇಬೇಕು. ಲಿವರ್‌ನಲ್ಲಿ ಕೂತ ಕಬ್ಬಿಣವನ್ನು ಎಂಆರ್‌ಐ ಅಳೆಯಬಲ್ಲದು.

ಹಾಗೆಂದು ಕಬ್ಬಿಣಕ್ಕೂ ಲಿವರ್ ಕೆಡುವುದಕ್ಕೂ ನಂಟೇ ಇಲ್ಲವೆಂದಲ್ಲ. ಕಬ್ಬಿಣ ಜೀವಕೋಶದಿಂದ ಹೊರಹೋಗುವ ಬಾಗಿಲು ಫೆರೊಪೋರ್ಟಿನ್. ಅದನ್ನು ಮುಚ್ಚಿಸುವುದು ಹೆಪ್ಸಿಡಿನ್ ಹಾರ್ಮೋನು. ಉರಿಯೂತದಿಂದ ಹೆಪ್ಸಿಡಿನ್ ಹೆಚ್ಚಿದಾಗ ಕಬ್ಬಿಣ ಕೋಶದೊಳಗೇ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿದ್ದು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ವರ್ತಿಸಿ, ಕೋಶಕ್ಕೆ ಹಾನಿ ಮಾಡುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹುಟ್ಟಿಸುತ್ತದೆ. ಅದು ಅಲ್ಲೇ ಕೂತಿರುವ ಕೊಬ್ಬನ್ನು ಕೆಡಿಸಿ, ಗಾಯದ ನಾರು ಬೆಳೆಯಲು ದಾರಿಯಾಗುತ್ತದೆ.

ಇನ್ನು ರಕ್ತ ತೆಗೆಸುವ ಮಾತು. 500 ಮಿ.ಲೀ. ರಕ್ತದ ಜೊತೆ 200ರಿಂದ 250 ಮಿ.ಗ್ರಾಂ ಕಬ್ಬಿಣ ಹೋಗುತ್ತದೆ. ಹಿಮೊಕ್ರೊಮಟೋಸಿಸ್‌ನಲ್ಲಿ ಇದೇ ಜೀವ ಉಳಿಸುವ ಚಿಕಿತ್ಸೆ. ಬರೀ ಫ್ಯಾಟಿ ಲಿವರ್‌ಗೆ ಮಾತ್ರ ಇದರಿಂದ ಲಾಭವೆಂದು ಪ್ರಯೋಗಗಳಲ್ಲಿ ಸಾಬೀತಾಗಿಲ್ಲ. ತೂಕ ಹೆಚ್ಚಿದ್ದರೆ ಶೇ 7ರಿಂದ 10 ಇಳಿಸಿ, ಮದ್ಯ ಬಿಡಿ. ಲಿವರ್ ಸುಧಾರಿಸಿದಂತೆ ಫೆರಿಟಿನ್ ಕೂಡ ಸಾಮಾನ್ಯವಾಗಿ ಇಳಿಯುತ್ತದೆ.

ಪ್ರಶ್ನೆ: ಫ್ಯಾಟಿ ಲಿವರ್ ಜೊತೆ ರಕ್ತಹೀನತೆಯೂ ಇದೆ. ಕಬ್ಬಿಣದ ಮಾತ್ರೆ ನಿಲ್ಲಿಸಲೇ?

ಉತ್ತರ: ಕೊರತೆ ಖಚಿತವಾಗಿದ್ದರೆ ನಿಲ್ಲಿಸಬೇಡಿ. ಫೆರಿಟಿನ್ 30ಕ್ಕಿಂತ ಕಡಿಮೆಯಿದ್ದರೆ ಅದು ಕೊರತೆಯೇ. ಉರಿಯೂತವಿದ್ದಾಗ ಫೆರಿಟಿನ್ 30 ದಾಟಿದ್ದರೂ ಕೊರತೆ ಅಡಗಿರಬಹುದು. 100ರ ಒಳಗಿದ್ದು ಸ್ಯಾಚುರೇಶನ್ ಶೇ 20ಕ್ಕಿಂತ ಕೆಳಗಿದ್ದರೆ ವೈದ್ಯರು ಅದನ್ನು ಕೊರತೆಯೆಂದೇ ಎಣಿಸುತ್ತಾರೆ.