ಸ್ಟಾಟಾದಲ್ಲಿ ‘ರಿಪೀಟೆಡ್ ಟೈಮ್ ವ್ಯಾಲ್ಯೂಸ್ ವಿದಿನ್ ಪ್ಯಾನೆಲ್’ ಅಂತ ಬರ್ತಿದೆ, ಏನು ಮಾಡಲಿ?

ಕರ್ನಾಟಕದ ಜಿಲ್ಲಾವಾರು ಜೋಳದ ಇಳುವರಿಗೂ ಮಳೆಗೂ ಏನು ನಂಟು ಅಂತ ನೋಡಲು ಹೊರಟಿದ್ದೀರಿ. ಅಂಕಿಅಂಶ ಲೆಕ್ಕ ಹಾಕುವ ಸ್ಟಾಟಾ ಸಾಫ್ಟ್‌ವೇರಿನಲ್ಲಿ ‘ಎಕ್ಸ್‌ಟಿಸೆಟ್’ (ಯಾವ ಕಾಲಂ ಜಿಲ್ಲೆ, ಯಾವುದು ವರ್ಷ ಅಂತ ಹೇಳುವ ಕಮಾಂಡ್) ಕೊಟ್ಟ ಕೂಡಲೇ ಈ ಎರರ್, ಜೊತೆಗೆ 451 ಅನ್ನುವ ಅಂಕಿ. ನಕಲು ಸಾಲು ತೆಗೆಯುವ ‘ಡುಪ್ಲಿಕೇಟ್ಸ್ ಡ್ರಾಪ್’ ಬರೆದು ಕೊನೆಗೆ ‘ಫೋರ್ಸ್’ ಸೇರಿಸಿದರೆ ಸರಿಹೋಗುತ್ತದೆ ಅಂತ ಗೆಳೆಯರು ಹೇಳಿದ್ದಾರೆ, ಹಾಗೆ ಮಾಡಬಹುದಾ ಅಂತ ನಿಮ್ಮ ಪ್ರಶ್ನೆ.

ಬೇಡ. ನಾನು ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಎರರ್ ಹೋಯಿತು, ಮಾಡೆಲ್ ಓಡಿತು, ಟೇಬಲ್ಲೂ ಬಂತು. ಎರಡು ವಾರ ಬಿಟ್ಟು ನೋಡಿದರೆ ವಿಜಯಪುರದ ಹಿಂಗಾರು ಜೋಳವೇ ಫೈಲಿನಲ್ಲಿ ಇಲ್ಲ! ಬಿಳಿಜೋಳದ ಸೀಮೆಯಲ್ಲಿ ಹಿಂಗಾರು ಬಿಟ್ಟರೆ ಉಳಿಯುವುದಾದರೂ ಏನು?

ಸ್ಟಾಟಾ ಹೇಳುತ್ತಿರುವುದು ಇಷ್ಟೇ: ಒಂದು ಜಿಲ್ಲೆ, ಒಂದು ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಾಲು ಇವೆ. ಯಾವ ಸಾಲು ಅಂತ ನೋಡಲು ‘ಡುಪ್ಲಿಕೇಟ್ಸ್ ಲಿಸ್ಟ್’ ಬರೆದು ಮುಂದೆ ಜಿಲ್ಲೆ, ವರ್ಷದ ಕಾಲಂ ಹೆಸರು ಕೊಡಿ. ಆ ಸಾಲುಗಳನ್ನು ಹಂಗಾಮಿನ ಕಾಲಂ ಜೊತೆ ನೋಡಿದಾಗ ನನಗೆ ಕಂಡದ್ದು ಹೀಗಿತ್ತು:

ವಿಜಯಪುರ, 2012-13, ಮುಂಗಾರು
ವಿಜಯಪುರ, 2012-13, ಹಿಂಗಾರು

ಇವು ನಕಲು ಸಾಲುಗಳೇ ಅಲ್ಲ. ಎರಡು ಬೇರೆ ಬೇರೆ ಬೆಳೆ. ‘ಫೋರ್ಸ್’ ಅಂದರೆ ಸ್ಟಾಟಾ ಮೊದಲನೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ, ಅದಕ್ಕೆ ಹಿಂಗಾರು ಮುಂಗಾರು ಏನು ಗೊತ್ತು?

ನಿಮಗೆ ವರ್ಷದ ಲೆಕ್ಕ ಸಾಕಾದರೆ ಹಲವು ಸಾಲನ್ನು ಒಂದಾಗಿಸುವ ‘ಕೊಲ್ಯಾಪ್ಸ್’ ಬಳಸಿ. ಆದರೆ ಇಳುವರಿಯ ಸರಾಸರಿ ತೆಗೆಯಬೇಡಿ. ಸುಮ್ನೆ ಒಂದು ಲೆಕ್ಕ ನೋಡಿ. ಮುಂಗಾರಿನಲ್ಲಿ 100 ಹೆಕ್ಟೇರ್, 200 ಟನ್. ಹಿಂಗಾರಿನಲ್ಲಿ 10 ಹೆಕ್ಟೇರ್, 10 ಟನ್. ಇಳುವರಿ 2 ಮತ್ತು 1, ಸರಾಸರಿ 1.5. ನಿಜವಾದದ್ದು 210 ಟನ್ನನ್ನು 110 ಹೆಕ್ಟೇರಿಗೆ ಭಾಗಿಸಿದರೆ ಬರುವ 1.91. ವಿಸ್ತೀರ್ಣ ಕೂಡಿಸಿ, ಉತ್ಪಾದನೆ ಕೂಡಿಸಿ, ಆಮೇಲೆ ಭಾಗಿಸಿ. ಹಂಗಾಮು ಬೇರೆ ಬೇರೆಯಾಗಿಯೇ ಬೇಕಿದ್ದರೆ ಜಿಲ್ಲೆ ಮತ್ತು ಹಂಗಾಮು ಸೇರಿಸಿ ಒಂದು ಐಡಿ ಮಾಡಿಕೊಳ್ಳಿ, ‘ಈಜೆನ್ ಗ್ರೂಪ್’ ಅದಕ್ಕೇ ಇರುವುದು.

ಇದಾದ ಮೇಲೆ ಎಕ್ಸ್‌ಟಿಸೆಟ್ ಓಡುತ್ತದೆ. ಆದರೆ ನನ್ನ ಮಟ್ಟಿಗೆ ಎರರ್ ಬಂದರೆ ಪುಣ್ಯ, ಬಾರದೇ ಇರುವ ತಪ್ಪೇ ಅಪಾಯ. ಜಿಲ್ಲೆ ಹೆಸರು ಅಕ್ಷರದಲ್ಲಿದ್ದರೆ ಸ್ಟಾಟಾ ಒಪ್ಪುವುದಿಲ್ಲ, ಹಾಗಾಗಿ ಎಲ್ಲರೂ ‘ಎನ್‌ಕೋಡ್’ ಮಾಡುತ್ತಾರೆ. ಅದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ನಂಬರ್ ಕೊಡುತ್ತದೆ. 2014ರ ನವೆಂಬರಿನಲ್ಲಿ ನಮ್ಮ ಊರುಗಳ ಹೆಸರು ಬದಲಾದವಲ್ವಾ? ಹಳೇ ಹೆಸರಿನ ಬೆಳೆ ಫೈಲಿನಲ್ಲಿ 7 ಅಂದರೆ ಬಿಜಾಪುರ. ಹೊಸ ಹೆಸರಿನ ಮಳೆ ಫೈಲಿನಲ್ಲಿ ಅದೇ 7 ಚಾಮರಾಜನಗರ. ಎರಡನ್ನೂ ಬೇರೆ ಬೇರೆ ಎನ್‌ಕೋಡ್ ಮಾಡಿ ನಂಬರಿನ ಮೇಲೆ ಮರ್ಜ್ ಮಾಡಿದರೆ (ಜೋಡಿಸಿದರೆ) ವಿಜಯಪುರದ ಜೋಳಕ್ಕೆ ಚಾಮರಾಜನಗರದ ಮಳೆ ಬೀಳುತ್ತದೆ, ಸ್ಟಾಟಾ ತುಟಿ ಬಿಚ್ಚುವುದಿಲ್ಲ. ಮೊದಲು ಹೆಸರು ಒಂದೇ ಮಾಡಿ, ಹೆಸರಿನ ಮೇಲೆ ಮರ್ಜ್ ಮಾಡಿ, ಎನ್‌ಕೋಡ್ ಕೊನೆಗೆ. ಹೆಸರಿನ ಹಿಂದೆ ಅಂಟಿಕೊಂಡ ಖಾಲಿ ಸ್ಪೇಸನ್ನೂ ತೆಗೆಯಿರಿ, ‘ಕೋಲಾರ’ ಎರಡು ಜಿಲ್ಲೆ ಆಗುವುದು ಅದರಿಂದಲೇ.

ಇನ್ನೊಂದು, ಒಡೆದ ಜಿಲ್ಲೆಗಳು. 2009ರ ಕೊನೆಗೆ ಗುಲ್ಬರ್ಗದಿಂದ ಯಾದಗಿರಿ, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದವು. ಹೆಸರು ಅದೇ ಉಳಿದರೂ ಜಿಲ್ಲೆ ಅದೇ ಅಲ್ಲ. ನಾನಾದರೆ ಮಗಳನ್ನು ತವರಿಗೇ ಸೇರಿಸಿ ಹಳೇ ಗಡಿಯಲ್ಲೇ ಲೆಕ್ಕ ಹಾಕುತ್ತೇನೆ.

‘2012-13’ ಎಂಬ ವರ್ಷವನ್ನೂ ಎನ್‌ಕೋಡ್ ಮಾಡಬೇಡಿ. ಯಾವುದೋ ಒಂದು ವರ್ಷ ಫೈಲಿನಲ್ಲೇ ಇಲ್ಲದಿದ್ದರೆ ನಂಬರುಗಳು ಆ ಖಾಲಿ ಜಾಗವನ್ನು ನುಂಗಿಬಿಡುತ್ತವೆ, ಲ್ಯಾಗ್, ಅಂದರೆ ಹಿಂದಿನ ವರ್ಷದ ಅಂಕಿ, ಅಂತ ನೀವು ತೆಗೆದದ್ದು ಎರಡು ವರ್ಷ ಹಿಂದಿನದಾಗಿರುತ್ತದೆ. ಮೊದಲ ನಾಲ್ಕು ಅಂಕಿ ಕತ್ತರಿಸಿ ಸಂಖ್ಯೆಯಾಗಿ ಬದಲಿಸಿ, ಅಷ್ಟೇ.

ಆರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಳಸುವವರಿಗೂ ಇದೇ ಕಾಟ. ಇಂಥ ಡೇಟಾಕ್ಕೇ ಇರುವ ‘ಪಿಎಲ್‌ಎಂ’ ಪ್ಯಾಕೇಜಿಗೆ ಇಂಡೆಕ್ಸ್ (ಯಾವುದು ಜಿಲ್ಲೆ, ಯಾವುದು ವರ್ಷದ ಕಾಲಂ) ಹೇಳದಿದ್ದರೆ ಮೊದಲೆರಡು ಕಾಲಂಗಳನ್ನೇ ಜಿಲ್ಲೆ, ವರ್ಷ ಅಂದುಕೊಳ್ಳುತ್ತದೆ. ಅದರ ಮೇಲೆ ಡಿಪ್ಲೈಯರ್ ಎಂಬ ಪ್ಯಾಕೇಜ್ ಲೋಡ್ ಮಾಡಿದರೆ ಜಿಲ್ಲೆ ಗಡಿ ನೋಡದ ಅದರ ‘ಲ್ಯಾಗ್’ ಬಂದು ಕೂರುತ್ತದೆ. ಆಗ ಬೀದರಿನ ಕೊನೇ ವರ್ಷ ಮುಂದಿನ ಜಿಲ್ಲೆಯ ಮೊದಲ ವರ್ಷಕ್ಕೆ ಜಾರುತ್ತದೆ.

ಕೊನೆಗೆ ಫಿಕ್ಸೆಡ್ ಎಫೆಕ್ಟ್ಸ್ (ಪ್ರತಿ ಜಿಲ್ಲೆಯನ್ನು ಅದರದೇ ಬೇರೆ ವರ್ಷಗಳ ಜೊತೆ ಹೋಲಿಸುವ ಮಾಡೆಲ್) ಓಡಿಸಿದಾಗ ‘ಕರಾವಳಿ’ ಡಮ್ಮಿ (ಕರಾವಳಿ ಜಿಲ್ಲೆಗೆ 1, ಉಳಿದವಕ್ಕೆ 0) ಎದುರು ‘ಒಮಿಟೆಡ್’ (ಕೈಬಿಟ್ಟಿದೆ) ಅಂತ ಬಂದರೆ ಗಾಬರಿಯಾಗಬೇಡಿ. ವರ್ಷದಿಂದ ವರ್ಷಕ್ಕೆ ಬದಲಾಗದ್ದನ್ನು ಆ ಮಾಡೆಲ್ ಅಳೆಯಲಾರದು. ಉಡುಪಿ ಎಲ್ಲಿಗೂ ಹೋಗುವುದಿಲ್ಲವಲ್ಲ.

‘ಡುಪ್ಲಿಕೇಟ್ಸ್ ರಿಪೋರ್ಟ್’ ಬರೆದು ಮುಂದೆ ಜಿಲ್ಲೆ, ವರ್ಷದ ಕಾಲಂ ಹೆಸರು ಕೊಟ್ಟಾಗ ನಿಮಗೆ ಏನು ಬಂತು, ಕೆಳಗೆ ಹಾಕಿ. ಪ್ರತಿ ಜಿಲ್ಲೆಗೂ ಎರಡೆರಡು ಸಾಲಿದ್ದರೆ ಬಹುಶಃ ಹಂಗಾಮೇ ಕಾರಣ. ಒಂದೆರಡು ಜಿಲ್ಲೆಗೆ ಮಾತ್ರ ಇದ್ದರೆ ಬೇರೇನೋ ಇದೆ, ನೋಡೋಣ.