ಮಗುವಿಗೆ ನೀರು ಹಾಕಲು ಹೆದರುತ್ತಿದ್ದ ಬಾಣಂತಿ

ಈ ತಾಯಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಆಕೆಯನ್ನು ಗೌರಿ ಎಂದು ಕರೆಯುತ್ತೇನೆ. ವಯಸ್ಸು 29. ಬ್ಯಾಂಕ್ ಕೆಲಸ, ಗಂಡ ಬೆಂಗಳೂರಿನಲ್ಲಿ. ಚೊಚ್ಚಲ ಬಾಣಂತನಕ್ಕೆ ತೀರ್ಥಹಳ್ಳಿ ಕಡೆಯ ತವರಿಗೆ ಬಂದಿದ್ದರು.

ನಾನು ಆಪ್ತಸಲಹೆ ನೀಡುವವಳು. ನನ್ನ ಹತ್ತಿರ ಕರೆತಂದಾಗ ಹೆರಿಗೆಯಾಗಿ 33 ದಿನ. ನಲವತ್ತು ತುಂಬದೆ ಬಾಣಂತಿ ಹೊಸ್ತಿಲು ದಾಟಬಾರದು ಅಂತ ಅಜ್ಜಿ ಹಟ ಹಿಡಿದಿದ್ದರಂತೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮೇಲೊಂದು ಶಾಲು. ಮಗು ಅಮ್ಮನ ಕೈಯಲ್ಲಿತ್ತು. ಮಾತಾಡಿದ್ದೂ ಅಮ್ಮನೇ.

"ಮೇಡಂ, ಇವಳಿಗೆ ಮಗು ಕಂಡ್ರೆ ಆಗಲ್ಲ. ಹಾಲು ಕುಡಿಸ್ತಾಳೆ, ಕುಡಿಸಿದ ತಕ್ಷಣ ನನ್ನ ಕೈಗೆ ಕೊಡ್ತಾಳೆ. ಮಗುವಿಗೆ ನೀರು ಹಾಕೋ ಹೊತ್ತಿಗೆ ಹಿತ್ತಲಿಗೆ ಹೋಗಿ ನಿಂತ್ಕೊಳ್ತಾಳೆ. ಹೆತ್ತವಳಿಗೆ ಹೀಗೂ ಆಗುತ್ತಾ?"

ಮೊದಲು ಗಮನಿಸಿದ್ದು ಮನೆಯವರಲ್ಲ, ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಬಂದು ತಾಯಿ ಮಗುವನ್ನು ನೋಡಬೇಕು ಅಂತ ನಿಯಮವಿದೆ. 28ನೇ ದಿನ ಬಂದವರು ಮಗುವನ್ನು ತೂಗಿದರು. ಹುಟ್ಟಿದಾಗ 2.7 ಕೆಜಿ, ಆಗ 3.3. ಮಗು ಚೆನ್ನಾಗಿತ್ತು. ಆದರೆ ತೂಗಿದ ಮೇಲೆ ಮಗುವನ್ನು ಎತ್ತಿಕೊಳ್ಳಿ ಅಂದರೆ ತಾಯಿ ಎರಡು ಹೆಜ್ಜೆ ಹಿಂದೆ ಹೋದರಂತೆ. "ಒಮ್ಮೆ ಯಾರಿಗಾದರೂ ತೋರಿಸಿ" ಎಂದು ಹೇಳಿ ಹೋದವರು ಮತ್ತೆ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ. ಅವರು ಹಾಗೆ ಬೆನ್ನು ಹತ್ತದಿದ್ದರೆ ಗೌರಿ ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಅಮ್ಮನಿಗೆ ಮಗುವನ್ನು ಕರೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಮಗು ಬಾಗಿಲು ದಾಟಿದ ಕೂಡಲೇ ಗೌರಿ ದೀರ್ಘವಾಗಿ ಉಸಿರು ಬಿಟ್ಟರು. ಇದನ್ನಷ್ಟೇ ನೋಡಿದ್ದರೆ ನಾನೂ ಅಮ್ಮನ ಮಾತನ್ನೇ ನಂಬುತ್ತಿದ್ದೆನೇನೋ. ಎರಡು ನಿಮಿಷ ಕಳೆದಿರಬೇಕು, ಹೊರಗೆ ಮಗು ಅತ್ತಿತು. ಗೌರಿ ಥಟ್ಟನೆ ಎದ್ದು ನಿಂತರು. ಎದೆ ಹಾಲು ಸೋರಿ ಕುಪ್ಪಸ ಒದ್ದೆಯಾಯಿತು. ಮರುಕ್ಷಣವೇ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಕುರ್ಚಿಯಲ್ಲಿ ಕೂತುಬಿಟ್ಟರು. ಓಡಿಹೋಗಿ ಎತ್ತಿಕೊಳ್ಳಬೇಕು ಅನಿಸುತ್ತಿತ್ತು. ತನ್ನ ಕೈಗಳನ್ನು ಕಂಡೇ ಭಯವಾಗುತ್ತಿತ್ತು.

ಆಗ ನಾನು ಹೀಗೆ ಕೇಳಿದೆ: "ಹೆರಿಗೆ ಆದ ಮೇಲೆ ತುಂಬ ತಾಯಂದಿರಿಗೆ ಬೇಡ ಬೇಡ ಅಂದರೂ ಕೆಟ್ಟ ಯೋಚನೆ ಬರುತ್ತೆ. ಮಗುವಿಗೆ ಏನೋ ಆದ ಹಾಗೆ, ಕೆಲವೊಮ್ಮೆ ತಾನೇ ಏನೋ ಮಾಡಿಬಿಟ್ಟ ಹಾಗೆ ಕಣ್ಣ ಮುಂದೆ ಬರುತ್ತೆ. ನಿಮಗೂ ಹಾಗೆ ಆಗುತ್ತಾ?"

ಗೌರಿ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದರು. "ಬೇರೆಯವರಿಗೂ ಬರುತ್ತಾ?" ಅಂದರು. ಆಮೇಲೆ ತುಂಬ ಹೊತ್ತು ಅತ್ತರು.

ನಡೆದದ್ದು ಇಷ್ಟು. 21ನೇ ದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಬಚ್ಚಲುಮನೆಯಲ್ಲಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚಿದ್ದಾರೆ. ಟವೆಲ್ ತರಲು ಎದ್ದವರು ಒಂದು ನಿಮಿಷ ಹಿಡ್ಕೊಳ್ಳೇ ಅಂತ ಮಗುವನ್ನು ಗೌರಿಯ ಕೈಗೆ ಕೊಟ್ಟಿದ್ದಾರೆ. ಪಕ್ಕದಲ್ಲೇ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಒಂದು ಯೋಚನೆ ಬಂತು: ಇದನ್ನು ಹಂಡೆಗೆ ಹಾಕಿಬಿಟ್ಟರೆ? ಅಷ್ಟೇ. ಕೈಕಾಲು ನಡುಗಿ ಮಗುವನ್ನು ಅಲ್ಲೇ ಚಾಪೆ ಮೇಲೆ ಮಲಗಿಸಿ ಹೊರಗೆ ಓಡಿದ್ದಾರೆ.

ಆವತ್ತಿನಿಂದ ಬಚ್ಚಲುಮನೆ ಬಿಟ್ಟರು. ಮಾರನೇ ದಿನ ಅಮ್ಮ ಸೌತೆಕಾಯಿ ಹೆಚ್ಚುವಾಗ ಮೆಟ್ಟುಗತ್ತಿ ಕಂಡು ಅದೇ ಭಯ. ಮೆಟ್ಟುಗತ್ತಿಯನ್ನು ಉಗ್ರಾಣದಲ್ಲಿ ಇಡಿಸಿದರು. ಆಮೇಲೆ ಉಪ್ಪರಿಗೆ ಮೆಟ್ಟಿಲು, ಬಾವಿಕಟ್ಟೆ. ರಾತ್ರಿ ಮಗುವಿನ ಪಕ್ಕ ಮಲಗದೆ ಗೋಡೆಗೆ ಒರಗಿ ಕೂರುತ್ತಿದ್ದರು. ದಿನಕ್ಕೆ ಹತ್ತಿಪ್ಪತ್ತು ಸಲ ಒಂದೇ ಮಾತು: "ಅಮ್ಮಾ, ನಾನು ಮಗುವಿಗೆ ಏನೂ ಮಾಡಲ್ಲ ಅಲ್ವಾ?" ಅಮ್ಮನದು ಒಂದೇ ಉತ್ತರ: "ಎಂತ ಹೇಳ್ತೀಯೇ, ಹುಚ್ಚು!"

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಬೇರೊಬ್ಬ ತಾಯಿ ಇಂಥದೇ ಯೋಚನೆ ಹೇಳಿಕೊಂಡಿದ್ದರು. ನನಗೆ ಗಾಬರಿಯಾಯಿತು. ಅದು ಮುಖದಲ್ಲಿ ಕಂಡಿರಬೇಕು. ಮಗುವನ್ನು ಸ್ವಲ್ಪ ದಿನ ದೂರ ಇಡಿ ಅಂತ ಮನೆಯವರಿಗೆ ಹೇಳಿದೆ. ಆಕೆ ಮತ್ತೆ ಬರಲಿಲ್ಲ. ಆ ತಪ್ಪು ಈಗಲೂ ನೆನಪಾಗುತ್ತದೆ. ಅದಕ್ಕೇ ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಗುವಿಗೆ ಕೇಡಾಗುವ ಚಿತ್ರಗಳು ಮನಸ್ಸಿಗೆ ನುಗ್ಗಿ ಬರುವುದು ಹೊಸ ತಾಯಂದಿರಲ್ಲಿ ಬಹಳ ಸಾಮಾನ್ಯ. ಹೆಚ್ಚಿನವರಿಗೆ ಬಂದು ಹೋಗುತ್ತದೆ. ಕೆಲವರಿಗೆ ಅಂಟಿಕೊಂಡು ಗೀಳಾಗುತ್ತದೆ, ಇದನ್ನೇ ಒಸಿಡಿ ಎನ್ನುತ್ತಾರೆ. ಇಲ್ಲಿ ತಾಯಿಗೆ ಆ ಯೋಚನೆ ಕಂಡರೆ ಅಸಹ್ಯ, ಭಯ. ಅದನ್ನು ತಪ್ಪಿಸಲು ಏನು ಬೇಕಾದರೂ ಮಾಡುತ್ತಾಳೆ. ಹೆರಿಗೆ ನಂತರದ ಸೈಕೋಸಿಸ್ ಅನ್ನುವುದು ಬೇರೆಯೇ ಕಾಯಿಲೆ. ಅದು ಅಪರೂಪ, ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಅಲ್ಲಿ ತಾಯಿಗೆ ಇಲ್ಲದ ದನಿ ಕೇಳಬಹುದು, ಈ ಮಗು ನನ್ನದಲ್ಲ, ಇದರೊಳಗೆ ಏನೋ ಸೇರಿದೆ ಅಂತ ನಂಬಿಕೆ ಬರಬಹುದು. ನಿದ್ದೆಯೇ ಇಲ್ಲದೆ ಓಡಾಡಬಹುದು, ದಿನ ಹೊತ್ತು ತಿಳಿಯದಿರಬಹುದು. ತನ್ನ ಯೋಚನೆ ತಪ್ಪು ಅಂತ ಆಕೆಗೆ ಅನಿಸುವುದಿಲ್ಲ. ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿ ಮಗು ಇಬ್ಬರನ್ನೇ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಜೊತೆಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡ್ ಇದೆ.

ಗೌರಿಯಲ್ಲಿ ಇಂಥ ಯಾವ ಲಕ್ಷಣವೂ ಇರಲಿಲ್ಲ. ಆದರೆ ಬರೀ ಗೀಳಷ್ಟೇ ಅಂತಲೂ ಬಿಡುವಂತಿರಲಿಲ್ಲ. ಎಡಿನ್‌ಬರೋ ಪ್ರಶ್ನಾವಳಿ ಅಂತ ಒಂದಿದೆ. 1987ರಲ್ಲಿ ಬಂದದ್ದು, ಹತ್ತೇ ಪ್ರಶ್ನೆ, ಒಟ್ಟು 30 ಅಂಕ. 13 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು ಅಂತ ಎಚ್ಚರಾಗುತ್ತೇವೆ. ಗೌರಿಯದು 17 ಬಂತು. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. "ನಾನು ಇಲ್ಲದಿದ್ದರೆ ಮಗು ಕ್ಷೇಮವಾಗಿರುತ್ತೆ ಅಂತ ಎರಡು ಸಲ ಅನಿಸಿದೆ" ಅಂದರು. ಹೇಗೆ, ಯಾವಾಗ ಅಂತ ನೇರವಾಗಿಯೇ ಕೇಳಿದೆ. ಅಂಥ ಯಾವ ತಯಾರಿಯೂ ಇರಲಿಲ್ಲ. ಆದರೂ ಆ ಒಂದು ಉತ್ತರಕ್ಕಾಗಿ ಅದೇ ದಿನ ಮನೋವೈದ್ಯರನ್ನು ಕಾಣಿಸಿದೆ. ಇದನ್ನು ಆಪ್ತಸಲಹೆಯಿಂದಲೇ ಸರಿಮಾಡುತ್ತೇನೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ವೈದ್ಯರು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು. ಹೆರಿಗೆ ನಂತರ ಥೈರಾಯ್ಡ್ ಏರುಪೇರಾದರೂ ಮನಸ್ಸು ಹೀಗೆ ಕುಗ್ಗಬಹುದು. ಥೈರಾಯ್ಡ್ ಸರಿಯಿತ್ತು, ರಕ್ತ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಜೊತೆ, ಖಿನ್ನತೆಗೂ ಗೀಳಿಗೂ ಕೊಡುವ ಸರ್ಟ್ರಲಿನ್ ಮಾತ್ರೆ ಶುರು ಮಾಡಿದರು. ಎದೆಹಾಲು ಕುಡಿಸುವ ತಾಯಂದಿರಿಗೆ ವೈದ್ಯರು ಹೆಚ್ಚಾಗಿ ಆರಿಸುವ ಔಷಧಿ ಅದು, ಹಾಲಿಗೆ ಸೇರುವ ಪ್ರಮಾಣ ತೀರಾ ಕಡಿಮೆ. "ಹಾಗಾದರೆ ಹಾಲು ನಿಲ್ಲಿಸಬೇಕಾ?" ಅಂತ ಗೌರಿ ಮೂರು ಸಲ ಕೇಳಿದರು. ಬೇಡ ಅಂದ ಮೇಲೇ ಚೀಟಿ ಕೈಗೆ ತಗೊಂಡದ್ದು. ಇವರಿಗೆ ಮಗು ಕಂಡರೆ ಆಗಲ್ಲ ಅಂತ ಹೇಗೆ ಹೇಳುವುದು?

ಎರಡನೇ ಭೇಟಿಯಲ್ಲಿ ಹಿಂದಿನ ಕಥೆ ಬಂತು. ಈ ಮಗುವಿಗೆ ಮೊದಲು ಒಂದು ಬಸಿರು 9 ವಾರಕ್ಕೆ ಹೋಗಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತಿರಲಿಲ್ಲ. ಈ ಸಲ ಒಂಬತ್ತು ತಿಂಗಳೂ ಶೌಚಾಲಯಕ್ಕೆ ಹೋದಾಗಲೆಲ್ಲ ರಕ್ತ ಕಾಣುತ್ತಾ ಅಂತ ನೋಡಿಕೊಂಡವರು. ಸೀಮಂತದಲ್ಲಿ ಬಳೆ ತೊಡುವಾಗಲೂ ಅದೇ ಯೋಚನೆ. 19 ಗಂಟೆ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯಿತು ಅಂತ ಅವಸರದಲ್ಲಿ ಸಿಸೇರಿಯನ್ ಆಯಿತು. ಮಗುವಿಗೆ ಉಸಿರಾಟದ ತೊಂದರೆ, ನಾಲ್ಕು ದಿನ ಎನ್‌ಐಸಿಯು, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕ. ಯಾಕೆ, ಏನು ಅಂತ ಯಾರೂ ಕೂತು ಹೇಳಲಿಲ್ಲ. ಗೌರಿ ಮಗುವನ್ನು ಮುಟ್ಟಿದ್ದು ಮೂರನೇ ದಿನ, ಅದೂ ಗಾಜಿನ ಪೆಟ್ಟಿಗೆಯ ತೂತಿನಲ್ಲಿ ಕೈ ತೂರಿಸಿ. ಇಷ್ಟೆಲ್ಲ ಆದ ಮೇಲೆ ನೋಡಲು ಬಂದವರು ಕೇಳಿದ್ದು "ಹಾಲು ಸಾಕಾಗ್ತಿದೆಯಾ?", "ನಾರ್ಮಲ್ ಆಗಲಿಲ್ವಾ?"

ನಾನು ಅವರಿಗೆ ಹೇಳಿದ್ದು ಹೀಗೆ. ನಿಮ್ಮ ತೋಟದ ಮನೆಯಲ್ಲಿ ನಾಯಿ ಇದೆ ಅಲ್ವಾ? ಒಮ್ಮೆ ಕಳ್ಳ ಬಂದು ಹೋದ ಮೇಲೆ ಅದು ನೆಂಟರಿಗೂ ಬೊಗಳುತ್ತೆ, ತರಗೆಲೆ ಬಿದ್ದರೂ ಬೊಗಳುತ್ತೆ. ನಿಮ್ಮ ಮನಸ್ಸು ಒಂದು ಮಗುವನ್ನು ಕಳೆದುಕೊಂಡಿದೆ, ಇನ್ನೊಂದನ್ನು ಕಳೆದುಕೊಳ್ಳುವ ಹತ್ತಿರ ಹೋಗಿ ಬಂದಿದೆ. ಈಗ ಹಂಡೆ ಕಂಡರೂ ಬೊಗಳುತ್ತಿದೆ. ಬೊಗಳುವುದನ್ನು ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಗುತ್ತೆ. ಯೋಚನೆ ಬರಲಿ. ಅದನ್ನು ಓಡಿಸಬೇಡಿ, ದೇವರ ನಾಮ ಹೇಳಿ ಮುಚ್ಚಬೇಡಿ, ಅದಕ್ಕೆ ಉತ್ತರವನ್ನೂ ಕೊಡಬೇಡಿ. ಕೈಯಲ್ಲಿದ್ದ ಕೆಲಸ ಮುಂದುವರಿಸಿ.

ಆಮೇಲೆ ಮೆಟ್ಟುಗತ್ತಿಯನ್ನು ಉಗ್ರಾಣದಿಂದ ಅಡುಗೆಮನೆಗೆ ತರಿಸಿದೆವು. ತಪ್ಪಿಸಿಕೊಂಡಷ್ಟೂ ಭಯಕ್ಕೆ ಬಲ ಬರುತ್ತದೆ. ಬಚ್ಚಲುಮನೆಗೆ ಮಾತ್ರ ನಿಧಾನವಾಗಿ ಹೋದೆವು. ಮೊದಲ ನಾಲ್ಕು ದಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುವುದು, ಅಷ್ಟೇ. ಎದೆ ಹೊಡೆದುಕೊಂಡರೂ ಎದ್ದು ಹೋಗಬಾರದು, ತಾನಾಗಿ ತಗ್ಗುವವರೆಗೆ ಕೂರಬೇಕು. ಆಮೇಲೆ ಟವೆಲ್ ಹಿಡಿದು ಒಳಗೆ ನಿಲ್ಲುವುದು. ಆಮೇಲೆ ಅಜ್ಜಿಯ ಕಾಲ ಮೇಲಿದ್ದ ಮಗುವಿಗೆ ಒಂದು ಚೊಂಬು ಬೆಚ್ಚನೆ ನೀರು ಹಾಕುವುದು. ಮಧ್ಯೆ ಒಂದು ದಿನ ತಡೆಯಲಾಗದೆ ಎದ್ದು ಹೋದರು, ಮತ್ತೆ ಬಾಗಿಲಿನಿಂದ ಶುರು ಮಾಡಿದೆವು. ಪೂರ್ತಿ ಸ್ನಾನವನ್ನು ತಾವೇ ಮಾಡಿಸಿದ್ದು ಏಳನೇ ವಾರದಲ್ಲಿ.

ಅಮ್ಮನಿಗೆ ಹೇಳಿದ ಮಾತು ಅವರಿಗೆ ಮೊದಲು ಕಷ್ಟವಾಯಿತು. ಮಗಳು "ಏನೂ ಮಾಡಲ್ಲ ಅಲ್ವಾ" ಅಂತ ಕೇಳಿದಾಗ "ಇಲ್ಲ" ಅನ್ನಬೇಡಿ ಅಂದೆ. ಪ್ರತಿ ಸಲ ಸಮಾಧಾನ ಸಿಕ್ಕಿದಾಗ ಮನಸ್ಸು ಮುಂದಿನ ಸಲಕ್ಕೂ ಅದನ್ನೇ ಬೇಡುತ್ತದೆ. "ಮತ್ತೆ ಆ ಯೋಚನೆ ಬಂತಾ? ಬರಲಿ ಬಿಡು, ಬಾ ಇಲ್ಲಿ ಕೂತ್ಕೋ" ಅನ್ನಿ ಸಾಕು. ಬೈಯುವುದು ಬೇಡ, ಹುಚ್ಚು ಅನ್ನುವ ಮಾತಂತೂ ಬೇಡವೇ ಬೇಡ.

ಬಾಣಂತನದ ಬಗ್ಗೆಯೂ ಮಾತಾಯಿತು. ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಹೆತ್ತವಳಿಗೆ ಕೆಲಸ ಕೊಡದೆ, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಕೂತಲ್ಲಿಗೆ ಮೆಣಸಿನ ಸಾರು ತಂದುಕೊಡುವ ಪದ್ಧತಿ ಎಷ್ಟು ಕಡೆ ಇದೆ ಹೇಳಿ! ಅದನ್ನೆಲ್ಲ ಹಾಗೇ ಇಟ್ಟೆವು. ಮೂರು ವಿಷಯ ಮಾತ್ರ ಬದಲಾಯಿಸಿದೆವು. ಹೊಟ್ಟೆ ಬರುತ್ತೆ ಅಂತ ನೀರು ಕಟ್ಟಿದ್ದರು, ಬಾಯಾರಿದಷ್ಟು ಕೊಡಿ ಅಂದೆ. ಕತ್ತಲೆ ಕೋಣೆಯ ಕಿಟಕಿ ತೆಗೆಸಿದೆ. ಮಗುವಿನ ಬಾಯಿಗೆ ಜೇನು ಹಚ್ಚುತ್ತಿದ್ದರು, ಅದನ್ನು ನಿಲ್ಲಿಸಿದೆ. ವರ್ಷ ತುಂಬದ ಮಗುವಿಗೆ ಜೇನಿನಿಂದ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರಬಹುದು. ಅಜ್ಜಿ ದೇವಸ್ಥಾನದಿಂದ ದಾರ ತಂದು ಕಟ್ಟಿದ್ದರು. ಇರಲಿ, ಮಾತ್ರೆ ಮಾತ್ರ ಒಂದು ದಿನವೂ ತಪ್ಪಬಾರದು ಅಂದೆ. ಅಂದಿನಿಂದ ಮಾತ್ರೆಯ ಲೆಕ್ಕ ಇಟ್ಟವರು ಅಜ್ಜಿಯೇ.

ಎಲ್ಲಕ್ಕಿಂತ ದೊಡ್ಡ ಔಷಧಿ ನಿದ್ದೆ. ದಿನಕ್ಕೆ ಹತ್ತು ಹನ್ನೆರಡು ಸಲ ಹಾಲು ಕುಡಿಸುವವಳು ಹಗಲು ಮಲಗಿದರೆ ಶೀತ ಅಂತ ಮಲಗಲೂ ಬಿಟ್ಟಿರಲಿಲ್ಲ. ಗಂಡನಿಗೆ ಫೋನ್ ಮಾಡಿದೆ. ಹೆಂಡತಿಗೆ ತನ್ನ ಮೇಲೂ ಮಗುವಿನ ಮೇಲೂ ಬೇಸರ ಅಂದುಕೊಂಡು ಅವರು ಸುಮ್ನೆ ದೂರ ಉಳಿದಿದ್ದರು. ವಿಷಯ ತಿಳಿದ ಮೇಲೆ ಮೂರು ವಾರ ರಜೆ ಹಾಕಿ ಬಂದರು. ಬಾಣಂತಿ ಕೋಣೆಯಲ್ಲಿ ಗಂಡಸರಿಗೆ ಎಂತ ಕೆಲಸ ಅಂತ ಮಾತು ಬಂತು. ಕೆಲಸ ಇತ್ತು. ರಾತ್ರಿ 10ರಿಂದ 3ರವರೆಗೆ ಮಗು ಅವರದು. ಗೌರಿ ಹಾಲು ಹಿಂಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ ಕೊಡಬೇಕು. ಬಾಟಲಿ ಬೇಡ ಅಂತ ಅಜ್ಜಿ ತಮ್ಮ ಕಾಲದ ಬೆಳ್ಳಿ ಒಳಲೆ ತೆಗೆದುಕೊಟ್ಟರು. ಮೊದಲ ರಾತ್ರಿ ಅರ್ಧ ಹಾಲು ಮಗುವಿನ ಕತ್ತಿಗೆ ಹೋಯಿತಂತೆ, ಮೂರನೇ ರಾತ್ರಿಗೆ ಕೈ ಕುದುರಿತು. ಹಿಂಡಲು ಶುರು ಮಾಡಿದ ವಾರದಲ್ಲೇ ಗೌರಿ ಐದು ಗಂಟೆ ಒಂದೇ ಸಮ ಮಲಗಿ ಎದ್ದು, "ಎಷ್ಟು ದಿನವಾಗಿತ್ತು ಮೇಡಂ" ಅಂತ ನನಗೆ ಫೋನ್ ಮಾಡಿದರು.

ಮಾತ್ರೆ ಕೆಲಸ ಮಾಡಲು ನಾಲ್ಕಾರು ವಾರ ಬೇಕು. ಆ ನಡುವೆ ರಾತ್ರಿ ಹೊತ್ತು ಕಷ್ಟವಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟಿದ್ದೆ. ಅದು ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಮ್ಮ ಒಮ್ಮೆ ಮಾಡಿದ್ದರಂತೆ, ತಮಗಾಗಿ. ಮಗಳ ಕಾಯಿಲೆ ನೋಡಿ ಅವರಿಗೂ ನಿದ್ದೆ ಹೋಗಿತ್ತು.

ಹತ್ತನೇ ವಾರದಲ್ಲಿ ಅಂಕ 8ಕ್ಕೆ ಇಳಿಯಿತು. ಕೊನೆಯ ಪ್ರಶ್ನೆಗೆ ಸೊನ್ನೆ. ಯೋಚನೆ ಪೂರ್ತಿ ಹೋಗಿರಲಿಲ್ಲ. "ಇವತ್ತೂ ಬೊಗಳಿತು ಮೇಡಂ, ನಾನು ಮಗುವಿನ ತಲೆ ಒರೆಸ್ತಾ ಇದ್ದೆ, ಒರೆಸಿ ಮುಗಿಸಿದೆ" ಅಂದರು. ಚೆನ್ನಾಗಿದೆ ಅಂತ ಮಾತ್ರೆ ತಾವಾಗಿ ಬಿಡಬೇಡಿ, ವೈದ್ಯರು ಹೇಳಿದಾಗ ನಿಧಾನವಾಗಿ ಇಳಿಸುತ್ತಾರೆ ಅಂದೆ. ಮುಂದಿನ ಬಸಿರಿನಲ್ಲಿ ಇದು ಮತ್ತೆ ಬರಬಹುದು, ಹಾಗಾಗಿ ಮೊದಲೇ ವೈದ್ಯರಿಗೆ ತಿಳಿಸಬೇಕು ಅಂತಲೂ ಗಂಡನ ಎದುರೇ ಹೇಳಿದೆ.

ಕಳೆದ ತಿಂಗಳು ಮಗುವನ್ನು ತಾವೇ ಎತ್ತಿಕೊಂಡು ಬಂದಿದ್ದರು. 26 ವಾರದ ರಜೆ ಮುಗಿಯುತ್ತಾ ಬಂದಿತ್ತು, ಬ್ಯಾಂಕಿಗೆ ಹೋಗುವಾಗ ಹಾಲಿನ ವ್ಯವಸ್ಥೆ ಹೇಗೆ ಅಂತ ಅರ್ಧ ಗಂಟೆ ಮಾತಾಡಿದೆವು. ಹೊರಡುವಾಗ ಬಾಗಿಲಲ್ಲಿ ನಿಂತು, "ಎಣ್ಣೆ ಹಚ್ಚಿದ ಮೇಲೆ ಇವನು ಮೀನಿನ ಹಾಗೆ ಜಾರ್ತಾನೆ ಮೇಡಂ. ಅದೊಂದು ಭಯ ಇನ್ನೂ ಇದೆ" ಅಂದರು. ಕಾಲ ಮೇಲೆ ಒಂದು ಒದ್ದೆ ಬಟ್ಟೆ ಹಾಸಿಕೊಳ್ಳಿ, ಜಾರಲ್ಲ ಅಂದೆ.