ಡ್ರಮಂಡ್ ಮೇಲೆ ಇರ್ಮಾಗೆ ಯಾಕಷ್ಟು ಹಗೆ?

ಬುಲ್‌ಡಾಗ್ ಡ್ರಮಂಡ್ ಎಂಬ ನಾಯಕನ ಸಾಹಸ ಕಾದಂಬರಿಗಳ ಸರಣಿಯಲ್ಲಿ ಒಂದನ್ನು ಓದುತ್ತಿದ್ದೀರಿ, ಖಳನಾಯಕಿ ಇರ್ಮಾಗೆ ಅವನ ಮೇಲೆ ಯಾಕಷ್ಟು ಹಗೆ ಅಂತ ಕೇಳಿದ್ದೀರಿ. ಅವಳು ಡ್ರಮಂಡ್ ಮೇಲೆ ಹಲ್ಲು ಮಸೆಯುವುದು ಯಾಕೆ ಅಂತ ತಿಳಿಯದಿರಲು ಕಾರಣ, ನೀವು ಐದನೇ ಪುಸ್ತಕದಿಂದ ಶುರು ಮಾಡಿರುವುದು. ನೀವು ಹೇಳಿದ ಕಥೆ ನೋಡಿದರೆ ಅದು 1928ರ 'ದಿ ಫೀಮೇಲ್ ಆಫ್ ದಿ ಸ್ಪೀಶೀಸ್' ಇರಬೇಕು. ನಿಮ್ಮ ಪುಸ್ತಕದ ಹೆಸರು ನೋಡಿ, ಅದೇ ಆಗಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ.

ಮೊದಲು 1920ರ 'ಬುಲ್‌ಡಾಗ್ ಡ್ರಮಂಡ್' ಹಿಡಿಯಿರಿ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೇನಾಧಿಕಾರಿ ಡ್ರಮಂಡ್‌ಗೆ ಲಂಡನ್ನಿನಲ್ಲಿ ಬೇಜಾರೋ ಬೇಜಾರು. ಏನಾದರೂ ಸಾಹಸ ಇದ್ದರೆ ಹೇಳಿ, ಕಾನೂನಿನೊಳಗಿದ್ದರೆ ಒಳ್ಳೆಯದು, ತಮಾಷೆಯ ಅಪರಾಧವಾದರೂ ಅಡ್ಡಿಯಿಲ್ಲ ಅಂತ ಪೇಪರಿನಲ್ಲಿ ಜಾಹೀರಾತು ಹಾಕಿಸುತ್ತಾನೆ! ಖಳನಾಯಕ ಪೀಟರ್ಸನ್, ಅವನ ಜೊತೆಗಾತಿ ಇರ್ಮಾ ಇಬ್ಬರೂ ಸಿಗುವುದು ಅಲ್ಲೇ.

ಆಮೇಲೆ 'ದಿ ಬ್ಲ್ಯಾಕ್ ಗ್ಯಾಂಗ್', 'ದಿ ಥರ್ಡ್ ರೌಂಡ್', 'ದಿ ಫೈನಲ್ ಕೌಂಟ್'. ಹಗೆಯ ಮೂಲ ಈ ಕೊನೆಯದರಲ್ಲಿದೆ. ಪುರುಸೊತ್ತಿಲ್ಲದಿದ್ದರೆ ಮೊದಲನೆಯದು, ನಾಲ್ಕನೆಯದು ಸಾಕು. ಯೆಹೂದಿಗಳು, ಪರದೇಶದವರ ಬಗ್ಗೆ ಕೀಳು ಮಾತು ಅಲ್ಲಲ್ಲಿ ಬರುತ್ತದೆ, 'ಬ್ಲ್ಯಾಕ್ ಗ್ಯಾಂಗ್'ನಲ್ಲಂತೂ ಜಾಸ್ತಿ. ಅದು ಬೇಡ ಅನ್ನಿಸಿದರೆ ಬಿಟ್ಟು ಮುಂದೆ ಹೋಗಬಹುದು.